ಮ್ಯಾಟರ್ ಉಳಿಯಿತು, ಅಕ್ಷರ ಹೋಯಿತು

ನಾಸಿಕ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ನನ್ನ ಹಳೆಯ ಲ್ಯಾಪ್‌ಟಾಪಿನ ಡಿಸ್ಕನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಪರದೆ ಎರಡು ಸಲ ಕೇಳಿತು, ಎರಡು ಸಲವೂ ಹೌದು ಎಂದೆ. ಹನ್ನೊಂದೂಕಾಲಿಗೆ ಕೆಲಸ ಮುಗಿಯಿತು. ಹನ್ನೊಂದೂವರೆಗೆ, ಪೆನ್‌ಡ್ರೈವಿನಲ್ಲಿ ಉಳಿಸಿಕೊಂಡಿದ್ದ ಕಡತವೊಂದನ್ನು ತೆರೆದೆ. ನೂರ ಹನ್ನೆರಡು ಪುಟ ಕನ್ನಡ ಇರಬೇಕಾದ ಕಡೆ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕೆ, ಗೆರೆ, ಟೋಪಿ. ನಡುನಡುವೆ ಪೌಂಡಿನ ಗುರುತು.

ಆ ಪುಟಗಳು ನನ್ನವಲ್ಲ. ಛತ್ರಪತಿ ಸಂಭಾಜಿನಗರದಲ್ಲಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದ ಯಜಮಾನರೊಬ್ಬರವು. ಅವರು ಕುಂದಾಪುರದ ಕಡೆಯವರು. ನಾನು ಬೀದರ್ ಕಡೆಯವನು. ಒಂದು ಮರಾಠಿ ಪತ್ರಿಕೆಯ ವರದಿಗಾರನಾಗಿ ನಾನು ಆ ಊರಿನಲ್ಲಿ ಒಂಬತ್ತು ವರ್ಷ ಇದ್ದೆ, ಆ ಒಂಬತ್ತು ವರ್ಷವೂ ಅಲ್ಲೇ ಉಂಡೆ. ಖುಲ್ತಾಬಾದಿನ ದರ್ಗಾಕ್ಕೆ ಹೋಗುವ ಜನ ಬೆಳಿಗ್ಗೆ ಅಲ್ಲಿ ಇಡ್ಲಿ ತಿಂದೇ ಬಸ್ ಹತ್ತುತ್ತಿದ್ದರು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹೋಟೆಲ್ ಖಾಲಿ. ಆ ಹೊತ್ತಿನಲ್ಲಿ ಯಜಮಾನರು ಎದುರಿನ ಕುರ್ಚಿ ಎಳೆದುಕೊಂಡು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಇಡ್ಲಿ ಹಿಟ್ಟು ನಮ್ಮ ಒಣ ಬೇಸಿಗೆಯಲ್ಲಿ ಹೇಗೆ ಹುಳಿಯುತ್ತದೆ, ಡಿಸೆಂಬರಿನಲ್ಲಿ ಏಕೆ ಹುಳಿಯುವುದಿಲ್ಲ, ಸಾಂಬಾರಿನ ಪುಡಿಗೆ ಯಾವುದು ಎಷ್ಟು, ಯಾವುದು ಯಾವುದರ ನಂತರ.

"ಬರ್ಕೊಳ್ಳಿ ಮಾರಾಯ್ರೆ," ಎನ್ನುತ್ತಿದ್ದರು. "ಉಪ್ಪು ರುಬ್ಬಿದ ಕೂಡ್ಲೆ ಹಾಕುದಲ್ಲ. ಹಾಕಿದ್ರೆ ಹಿಟ್ಟು ಸತ್ತ ಹಾಗೆ."

"ಸತ್ತ ಹಾಗೆ ಅಂತ ಬರೀಲೇನ್ರಿ?"

"ಬರೀರಿ. ನೀವು ಪೇಪರಿನವ್ರು ಬದುಕಿದವರನ್ನೇ ಸಾಯ್ಸ್ತೀರಿ, ಹಿಟ್ಟಿಗೆ ಎಂತ?"

ಎರಡು ಮಳೆಗಾಲ ಹೀಗೆ ನಡೆಯಿತು. ಆಮೇಲೆ ನನ್ನನ್ನು ನಾಸಿಕ್ ಕಚೇರಿಗೆ, ಸುದ್ದಿ ತಿದ್ದುವ ಡೆಸ್ಕಿಗೆ ವರ್ಗ ಮಾಡಿದರು. ಕಡತ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಒಂದು ಪುಟ ಮಾತ್ರ ಅವರಿಗೆ ಮುದ್ರಿಸಿ ಕೊಟ್ಟಿದ್ದೆ. ಉಳಿದದ್ದನ್ನು ಕೊಡುತ್ತೇನೆ ಎಂದಿದ್ದೆ, ಕೊಡಲಿಲ್ಲ.

ಕಳೆದ ವರ್ಷ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕೆಲವು ತಿಂಗಳಲ್ಲಿ ಹಳೆಯ ಅಡುಗೆಯವರೂ ಮಂಡಿನೋವು ಎಂದು ಊರಿಗೆ ಹೊರಟುಹೋದರು. ಅಡುಗೆಮನೆ ಮಗಳ ಕೈಗೆ ಬಂತು. ಅವಳು ಹುಟ್ಟಿ ಬೆಳೆದದ್ದು ಸಂಭಾಜಿನಗರದಲ್ಲೇ, ಓದಿದ್ದು ಮರಾಠಿಯಲ್ಲಿ. ಅಪ್ಪನ ಕನ್ನಡ ತಿಳಿಯುತ್ತದೆ, ಅಕ್ಷರ ಓದಲು ಬರುವುದಿಲ್ಲ. ಶ್ರಾವಣದಲ್ಲಿ ಅವಳ ಫೋನ್ ಬಂತು.

"ಕಾಕಾ, ಬಾಬಾ ಹೇಳಿದ್ದು ನೀವು ಲಿಹೂನ್ ಇಟ್ಟಿದ್ದೀರಲ್ಲ, ಅದು ಬೇಕು ನಂಗೆ. ಅಂದಾಜಿನ ಮೇಲೆ ಮಾಡ್ತಾ ಇದ್ದೇನೆ. ರೋಜ್‌ಚೇ ಗಿರಾಕಿ ಬೋರ್ಡ್ ನೋಡಿ ಕೇಳ್ತಾರೆ, ಹೋಟೆಲ್ ಮಾರಿದ್ರಾ ಅಂತ."

ಸಿದ್ಧ ಹಿಟ್ಟು ಮತ್ತು ಪುಡಿ ಮಾರುವ ಕಾರ್ಖಾನೆಯವನೊಬ್ಬ ಎರಡು ಸಲ ಬಂದುಹೋಗಿದ್ದ. ಎಲ್ಲವನ್ನೂ ಚೀಲದಲ್ಲಿ ತಂದು ಹಾಕುತ್ತೇನೆ, ಗ್ರೈಂಡರ್ ತೆಗೆದು ಆ ಜಾಗದಲ್ಲಿ ಇನ್ನೆರಡು ಮೇಜು ಹಾಕಿ ಎಂದಿದ್ದ. ಅವಳು ದಸರೆಗೆ ಉತ್ತರ ಹೇಳುತ್ತೇನೆ ಎಂದಿದ್ದಳು. ನನ್ನ ಕಡತ ಅಷ್ಟರೊಳಗೆ ಸಿಕ್ಕರೆ ಅಡುಗೆಮನೆ ಉಳಿಯುತ್ತದೆ, ಇಲ್ಲದಿದ್ದರೆ ಚೀಲ. ಅವಳು ಇಷ್ಟನ್ನೇ ಸರಳವಾಗಿ ಹೇಳಿದಳು.

ಲ್ಯಾಪ್‌ಟಾಪ್ ತೆರೆದೆ. ಅದು ಹಳತಾಗಿತ್ತು, ನನ್ನ ಹಾಗೆಯೇ ಕೆಲಸ ಬಿಟ್ಟು ವರ್ಷವಾಗಿತ್ತು. ನಮ್ಮ ನಾಸಿಕ್ ಆವೃತ್ತಿ ಮುಚ್ಚಿದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಪರದೆ ಬೆಳಗಲು ಹದಿನೈದು ನಿಮಿಷ, ಕಡತಗಳ ಪಟ್ಟಿ ತೋರಿಸಲು ಇನ್ನೂ ಹತ್ತು; ಕಡತ ತೆರೆಯಲು ಹೋದರೆ ಅಲ್ಲೇ ನಿಲ್ಲುತ್ತಿತ್ತು. ಪಕ್ಕದ ಮನೆಯವರು ಓಝರ್‌ನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ತಂತ್ರಜ್ಞರು, ಕಲಬುರಗಿಯವರು. ಅವರು ಒಂದು ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟರು.

"ಲಿನಕ್ಸ್ ಐತ್ರಿ ಇದರಾಗ. ಪುಕ್ಕಟ. ಹಳೇ ಮಷಿನ್ನಿಗಿ ಛಲೋ. ಮುಂದಿಂದು ನೀವೇ ಕಲೀರಿ. ನಾ ವಿಮಾನ ಬಿಚ್ಚಿ ಜೋಡಿಸಿದಾಂವ, ಇದನ್ನ ಬಿಚ್ಚಾಕ ಹೋಗಂಗಿಲ್ಲ."

ಅಳಿಸುವ ಮೊದಲು ನಾನು ಎಚ್ಚರ ವಹಿಸಲಿಲ್ಲ ಎನ್ನುವಂತಿಲ್ಲ. ಎಲ್ಲ ಕಡತಗಳನ್ನೂ ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಂಡು ಎಣಿಸಿದ್ದೆ. ತಪ್ಪಾದದ್ದು ಬೇರೆ ಕಡೆ, ಅದು ಪತ್ರಿಕೆಯವನೇ ಮಾಡುವ ತಪ್ಪು. ಇಪ್ಪತ್ತೆಂಟು ವರ್ಷ ನಾನು ಜಿಲ್ಲೆಯಿಂದ ಡೆಸ್ಕಿಗೆ ಸುದ್ದಿ ಕಳಿಸಿದ್ದೇನೆ, ಡೆಸ್ಕಿನಲ್ಲಿ ಕೂತು ಪಡೆದಿದ್ದೇನೆ. ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: ಮ್ಯಾಟರ್ ಬಂತಾ? ಮ್ಯಾಟರ್ ಎಂದರೆ ಬರೆದ ಪಠ್ಯ. ಅದನ್ನು ತೋರಿಸುವ ಫಾಂಟ್, ಅಂದರೆ ಅಕ್ಷರರೂಪ, ಕಚೇರಿಯ ಪ್ರತಿ ಯಂತ್ರದಲ್ಲೂ ಮೊದಲೇ ಇರುತ್ತದೆ. ಫಾಂಟನ್ನು ಯಾರೂ ಹೊತ್ತು ತಿರುಗುವುದಿಲ್ಲ. ಕಚೇರಿಗೆ ಹೋಗುವಾಗ ಯಾರೂ ಕುರ್ಚಿ ಒಯ್ಯುವುದಿಲ್ಲ, ಹಾಗೆ. ನಾನು ಮ್ಯಾಟರ್ ಉಳಿಸಿದೆ. ಫಾಂಟ್ ಡಿಸ್ಕಿನ ಜೊತೆ ಹೋಯಿತು. ಅದಿಲ್ಲದೆ ಕನ್ನಡದ ಕೆಳಗಿದ್ದ ಇಂಗ್ಲಿಷ್ ಗುರುತುಗಳಷ್ಟೇ ಕಂಡವು.

ಸಾಮಾನ್ಯ ಕನ್ನಡ ಫಾಂಟ್ ಆಗಿದ್ದರೆ ಪರಿವರ್ತಿಸುವ ಸಾಧನಗಳಿವೆ. ನನ್ನದು ಸಾಮಾನ್ಯದ್ದಲ್ಲ. ನಮ್ಮ ಪತ್ರಿಕೆ ಒಂದು ಕಾಲದಲ್ಲಿ ಗಡಿ ಜಿಲ್ಲೆಗಳಿಗೆಂದು ಕನ್ನಡ ಪುರವಣಿ ತರಲು ಹೊರಟು, ಒಂದು ಸಣ್ಣ ಅಂಗಡಿಯಿಂದ ಫಾಂಟ್ ಮಾಡಿಸಿತ್ತು. ಪುರವಣಿ ಬರಲಿಲ್ಲ. ಅಂಗಡಿಯೂ ಉಳಿಯಲಿಲ್ಲ. ಆ ಫಾಂಟನ್ನು ಬಳಸುತ್ತಿದ್ದವನು ನಾನೊಬ್ಬನೇ.

ಹೆಂಡತಿ ಒಳಗಿನಿಂದ ಬಂದು ಪರದೆ ನೋಡಿದಳು.

"ಏನ್ರಿ ಇದು, ಇರುವಿ ಮೆರವಣಿಗಿ ಹೊಂಟಂಗ ಅದ."

"ಯಜಮಾನ್ರ ಪುಸ್ತಕ."

"ಆ ಹುಡುಗಿಗಿ ಹೇಳೀರಿ?"

"ಇಲ್ಲ."

"ಹೇಳ್ರಿ ಮೊದಲ. ನೀವ್ ಮಂದೀದೆಲ್ಲಾ ಪೇಪರದಾಗ ಹಾಕ್ತಿದ್ರಿ. ನಿಮ್ದೂ ಒಂದ್ ಹಾಕ್ರಿ."

ಹೇಳಿದೆ. ಅತ್ತ ಯಜಮಾನರ ಮಗಳು ಗ್ರೈಂಡರ್ ನಿಲ್ಲಿಸಿ ಇನ್ನೊಮ್ಮೆ ಹೇಳಿಸಿಕೊಂಡಳು. ಕೊನೆಗೆ ಅವಳು, "ದಸರಾಪರ್ಯಂತ್ ಟೈಮ್ ಇದೆ ಕಾಕಾ," ಎಂದು ಫೋನ್ ಇಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು.

ಹೀಗೆ ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಲಿನಕ್ಸ್ ಕಲಿಯಲು ಕೂತೆ. ಅದರಲ್ಲಿ ಉತ್ಸಾಹದ ಪಾತ್ರವೇನೂ ಇರಲಿಲ್ಲ. ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಕೂರುತ್ತಿದ್ದೆ, ಬೆನ್ನು ಹಿಡಿದುಕೊಂಡಾಗ ಏಳುತ್ತಿದ್ದೆ. ಮೊದಲ ದಿನ ಪಾಸ್‌ವರ್ಡ್ ಒತ್ತಿದರೆ ಪರದೆಯಲ್ಲಿ ಏನೂ ಮೂಡಲಿಲ್ಲ, ಚುಕ್ಕೆ ಸಹ. ಕೀಲಿಮಣೆ ಕೆಟ್ಟಿದೆ ಎಂದುಕೊಂಡು ಬಟ್ಟೆಯಿಂದ ಒರೆಸಿದೆ. ಅದು ಹಾಗೆಯೇ ಇರುತ್ತದೆ ಎಂದು ತಿಳಿಯಲು ಅರ್ಧ ದಿನ ಬೇಕಾಯಿತು. ಮೂರು ದಿನ ವೈಫೈ ಬರಲಿಲ್ಲ. ಫೋನಿಗೆ ತಂತಿ ಜೋಡಿಸಿ ಇಂಟರ್ನೆಟ್ ಪಡೆದೆ. ಯಂತ್ರ ಇರುವ ಕಡತವನ್ನೇ ಇಲ್ಲ ಎನ್ನುತ್ತಿತ್ತು. ನಾನು ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಬರೆದಿರಲಿಲ್ಲ, ಅಷ್ಟೇ. ಸಹಾಯದ ಪುಟಗಳಲ್ಲಿ ಎಲ್ಲವೂ ಇತ್ತು, ಆದರೆ ಎಲ್ಲ ಗೊತ್ತಿದ್ದವನು ಮರೆತದ್ದನ್ನು ನೆನಪಿಸಿಕೊಳ್ಳಲು ಬರೆದ ಹಾಗಿತ್ತು.

ಕಪ್ಪು ಕಿಟಕಿಯೊಂದಿದೆ, ಅದರಲ್ಲಿ ಆಜ್ಞೆಗಳನ್ನು ಅಕ್ಷರದಲ್ಲೇ ಬರೆಯಬೇಕು. ಸರಿಯಾಗಿದ್ದರೆ ಅದು ಏನೂ ಹೇಳುವುದಿಲ್ಲ. ತಪ್ಪಿದರೆ ಒಂದು ಸಾಲು ಹೇಳುತ್ತದೆ. ನನ್ನ ಮೊದಲ ಮುಖ್ಯ ಉಪಸಂಪಾದಕರು ಹೀಗೇ ಇದ್ದರು. ಅವರ ಮೌನಕ್ಕೆ ಒಗ್ಗಿಕೊಳ್ಳಲು ಎರಡು ವರ್ಷ ಹಿಡಿದಿತ್ತು. ಇದಕ್ಕೆ ಮೂರು ವಾರ.

ಆ ಕಿಟಕಿಯಲ್ಲಿ ಒಂದು ಅಕ್ಷರದ ಬದಲು ಇನ್ನೊಂದನ್ನು ಇಡೀ ಕಡತದಲ್ಲಿ ಹಾಕಿಸುವ ಆಜ್ಞೆಯಿದೆ ಎಂದು ತಿಳಿದ ದಿನ ದಾರಿ ಕಂಡಿತು. ಯಾವ ಗುರುತು ಯಾವ ಕನ್ನಡ ಅಕ್ಷರಕ್ಕೆ ಎಂಬ ಪಟ್ಟಿ ಸಿಕ್ಕರೆ ಯಂತ್ರ ಉಳಿದದ್ದನ್ನು ಮಾಡುತ್ತದೆ. ಪಟ್ಟಿ ಎಲ್ಲಿಂದ? ಯಜಮಾನರಿಗೆ ಕೊಟ್ಟಿದ್ದ ಆ ಒಂದು ಮುದ್ರಿತ ಪುಟದಿಂದ. ಅದು ಗ್ರೈಂಡರಿನ ಮೇಲಿನ ಗೋಡೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇನ್ನೂ ಇತ್ತು. ಮಗಳು ಫೋಟೋ ಕಳಿಸಿದಳು. ಪ್ಲಾಸ್ಟಿಕ್ಕಿನ ಮೇಲೆ ಬೆಳಕು ಬಿದ್ದು ಅರ್ಧ ಪುಟ ಬಿಳಿಯಾಗಿತ್ತು. ಸಂಭಾಜಿನಗರದ ಬಸ್ ಹತ್ತಿದೆ. ವೈಜಾಪುರ ದಾಟುವಾಗಲೇ ಸೊಂಟ ಬಿದ್ದುಹೋಗಿತ್ತು.

ಗೋಡೆಯ ಹಾಳೆಯನ್ನು ಬಿಡಿಸಿಕೊಂಡು ಖಾಲಿ ಮೇಜಿನಲ್ಲಿ ಕೂತೆ. ಎಡಗಡೆ ಹಾಳೆ, ಬಲಗಡೆ ಪರದೆಯಲ್ಲಿ ಅದೇ ಪುಟದ ಇರುವೆಗಳು. ಒಂದೊಂದೇ ಅಕ್ಷರ ಹೊಂದಿಸಿ ಬರೆದುಕೊಂಡೆ. ಯಜಮಾನರನ್ನು ಕರೆತಂದು ಎದುರಿನ ಕುರ್ಚಿಯಲ್ಲಿ ಕೂರಿಸಿದ್ದರು. ಅವರಿಗೆ ಉಳಿದಿದ್ದ ಮಾತು ಒಂದೇ.

"ಹಾಂ," ಎಂದರು ನನ್ನನ್ನು ನೋಡಿ.

ನಾಸಿಕ್‌ಗೆ ಹಿಂತಿರುಗಿ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟೆ. ಮೊದಲ ಸಲ ಎಲ್ಲ ಕೆಟ್ಟಿತು. ಒಂದೇ ಒಂದು ಗುರುತಿನಿಂದಾಗುವ ಅಕ್ಷರಗಳನ್ನು ಮೊದಲು ಬದಲಿಸಿದ್ದೆ. ಅವೇ ಗುರುತುಗಳು ಸೇರಿ ಆಗುವ ಅಕ್ಷರಗಳು ಅಲ್ಲೇ ಮುರಿದುಬಿದ್ದವು. ಉದ್ದದ್ದು ಮೊದಲು, ಚಿಕ್ಕದ್ದು ಆಮೇಲೆ ಎಂಬುದು ನನಗೆ ತಿಳಿದಿರಬೇಕಿತ್ತು. ಪೆನ್‌ಡ್ರೈವಿನ ಪ್ರತಿಯಿಂದ ಮತ್ತೆ ಶುರು ಮಾಡಿದೆ. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಒಂದು ಸಾಲು ಓದಿಸಿಕೊಂಡಿತು: 'ಮಳೆ ಹಿಡಿದ ವಾರ ಉದ್ದನ್ನು ನಂಬಬೇಡಿ.' ನಾನು ಕುರ್ಚಿಗೆ ಒರಗಿದೆ. ಹೆಂಡತಿ ಬಂದು ಓದಿ, "ಅವರ ದನೀನ ಕೇಳ್ದಂಗಾತು ನೋಡ್ರಿ," ಎಂದಳು.

ಗೋಡೆಯ ಹಾಳೆಯಲ್ಲಿ ಇಲ್ಲದ ಒತ್ತಕ್ಷರಗಳು ಕೆಲವಿದ್ದವು. ಸುತ್ತಲಿನ ಪದ ನೋಡಿ ಊಹಿಸಿದೆ. ಕನ್ನಡ ಬಲ್ಲವನಿಗೆ ಅದು ಕಷ್ಟವಲ್ಲ. ಸಿಕ್ಕಿಕೊಂಡದ್ದು ಅಂಕಿಗಳಲ್ಲಿ. ನಾನು ಕನ್ನಡ ಅಂಕಿಗಳನ್ನೇ ಟೈಪ್ ಮಾಡಿದ್ದೆ. ಹತ್ತರಲ್ಲಿ ಎಂಟು ಗೋಡೆಯ ಹಾಳೆಯಲ್ಲಿ ಸಿಕ್ಕಿದವು. ಉಳಿದದ್ದು ಆರು ಮತ್ತು ಒಂಬತ್ತು. ಕಡತದಲ್ಲಿ ಉಳಿದದ್ದೂ ಎರಡು ಗುರುತುಗಳು. ಯಾವುದು ಆರು, ಯಾವುದು ಒಂಬತ್ತು ಎಂದು ಹೇಳುವವರು ಯಾರೂ ಇಲ್ಲ. ಇವೆರಡು ಇಡೀ ಪುಸ್ತಕದಲ್ಲಿ ಹರಡಿದ್ದವು, ಸಾಂಬಾರ್ ಪುಡಿಯ ಪುಟದಲ್ಲಂತೂ ಸಾಲು ಸಾಲಿಗೆ.

ಪದ ತಪ್ಪಿದರೆ ಓದುಗ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾನೆ. ಅಂಕಿ ತಪ್ಪಿದರೆ ನಂಬುತ್ತಾನೆ. ಇದನ್ನು ಪಿಂಪಳಗಾಂವ್ ಬಸವಂತ್ ಊರಿನ ಈರುಳ್ಳಿ ಮಾರುಕಟ್ಟೆ ನನಗೆ ಕಲಿಸಿತ್ತು. ಡೆಸ್ಕಿಗೆ ಹೊಸದಾಗಿ ಬಂದಾಗ ಅಲ್ಲಿನ ದರದ ಸಾಲಿನಲ್ಲಿ ನಾನೊಂದು ಅಂಕಿ ಬದಲಿಸಿಬಿಟ್ಟಿದ್ದೆ. ಮರುದಿನ ಅದನ್ನು ನಂಬಿ ಟ್ರಾಕ್ಟರುಗಳು ಬಂದವು. ಒಬ್ಬ ರೈತ ಪತ್ರಿಕೆಯ ಆ ತುಂಡನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಕಚೇರಿಗೇ ಬಂದಿದ್ದ. ಅವನು ಕೂಗಾಡಲಿಲ್ಲ, ತುಂಡನ್ನು ಮೇಜಿನ ಮೇಲೆ ಬಿಡಿಸಿಟ್ಟು ನಿಂತ. ಆಮೇಲೆ ನಾನು ಅಂಕಿಯನ್ನು ಅಂದಾಜಿನಲ್ಲಿ ಬರೆದಿಲ್ಲ.

ದಸರೆಗೆ ನಾಲ್ಕು ದಿನ ಇರುವಾಗ ಮತ್ತೆ ಸಂಭಾಜಿನಗರಕ್ಕೆ ಹೋದೆ. ಹೋಟೆಲಿನ ಮೇಲಿನ ಮಹಡಿಯೇ ಅವರ ಮನೆ. ಬಾಗಿಲಲ್ಲೇ ಮಗಳು ಕೇಳಿದಳು.

"ಜಮ್ಲ ಕಾ ಕಾಕಾ?"

"ಆಗಿದೆ. ಎರಡು ಅಂಕಿ ಬಿಟ್ಟು."

"ದೋನ್‌ಚ್? ಮತ್ತೆ ಎಂತಕ್ಕೆ ಮುಖ ಹಾಗೆ ಮಾಡ್ಕೊಂಡಿದ್ದೀರಿ?"

ಸಾಂಬಾರ್ ಪುಡಿಯ ಸಾಲನ್ನು ಓದಿ ಹೇಳಿದೆ. ಕೊತ್ತಂಬರಿ ಬೀಜ ಆರು ಲೋಟವೂ ಆಗಬಹುದು, ಒಂಬತ್ತೂ ಆಗಬಹುದು. ಒಂದು ಕಡೆ ಗೊತ್ತಾದರೆ ಎಲ್ಲ ಕಡೆಯೂ ಗೊತ್ತಾದ ಹಾಗೆ. ಅವಳ ನಗು ನಿಂತಿತು. ಅವಳು ಈ ಮೂರು ತಿಂಗಳು ಏಳು ಹಾಕುತ್ತಿದ್ದಳಂತೆ.

ಮಂಚದ ಮೇಲೆ ಕೂತಿದ್ದ ಯಜಮಾನರ ಮುಂದೆ ಕೂತೆವು.

"ಬಾಬಾ, ಕೊತ್ತಂಬರಿ ಆರಾ?"

"ಹಾಂ."

"ಒಂಬತ್ತಾ?"

"ಹಾಂ."

ಬೆರಳು ತೋರಿಸಿ ಕೇಳಿದಳು. ಅವರು ಅವಳ ಬೆರಳುಗಳನ್ನು ಹಿಡಿದುಕೊಂಡರು, ಅಷ್ಟೇ. ಅವರ ಹೌದು ಇಲ್ಲಗಳನ್ನು ನೆಚ್ಚಬೇಡಿ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ನಾನು ಜನರ ಹೌದು ಇಲ್ಲಗಳಲ್ಲೇ ಬದುಕಿದವನು. ಇಲ್ಲಿ ಅದು ನಡೆಯಲಿಲ್ಲ. ಕಾರ್ಖಾನೆಯವನು ಬೆಳಿಗ್ಗೆಯೇ ಒಮ್ಮೆ ಫೋನ್ ಮಾಡಿದ್ದನೆಂದು ಅವಳು ಹೇಳಿದಳು.

ಆಮೇಲೆ ಅವಳು ಎದ್ದು ಕೆಳಗೆ ಹೋದಳು. ಮೆಟ್ಟಿಲ ಮೇಲೆ ಡಬ್ಬಗಳ ಸದ್ದು ಕೇಳಿತು. ಎರಡು ಸಲ ಹತ್ತಿ ಇಳಿದು ಪುಡಿಯ ಸಾಮಾನೆಲ್ಲ ತಂದಳು: ಕೊತ್ತಂಬರಿ, ಕಡ್ಲೆಬೇಳೆ, ಉದ್ದು, ಮೆಣಸಿನಕಾಯಿ, ಮೆಂತೆ, ಜೀರಿಗೆ. ಎಲ್ಲವನ್ನೂ ಅಪ್ಪನ ಎಡಗಡೆ ಸಾಲಾಗಿ ಇಟ್ಟಳು. ಮುಂದೆ ಅಗಲದ ಪಾತ್ರೆ. ಅಡುಗೆಮನೆಯ ಹಿತ್ತಾಳೆಯ ಲೋಟವನ್ನು ಅವರ ಎಡಗೈಗೆ ಕೊಟ್ಟಳು.

"ಬಾಬಾ, ಪುಡಿ ಮಾಡುದುಂಟು. ದಸರಾ ಗರ್ದಿ, ಜನ ಬರ್ತಾರೆ."

ಅವರು ಲೋಟ ನೋಡಿದರು. ಕೊತ್ತಂಬರಿ ಡಬ್ಬಕ್ಕೆ ಕೈ ಹೋಯಿತು. ಎಡಗೈ ತೊಡಕುತ್ತಿತ್ತು, ಅರ್ಧ ಚೆಲ್ಲಿತು. ಚೆಲ್ಲಿದ್ದಕ್ಕೆ ಇನ್ನೊಮ್ಮೆ ಮೊಗೆದು ತುಂಬಿಸಿ ನಂತರವೇ ಸುರಿದರು. ಮಗಳು ಮೆಲ್ಲಗೆ ಎಣಿಸಿದಳು, "ಏಕ್, ದೋನ್, ತೀನ್..." ಆರಾದ ಮೇಲೆ ಕೈ ಡಬ್ಬದಿಂದ ಹೊರಬಂತು, ತಡೆಯದೆ ಕಡ್ಲೆಬೇಳೆಯ ಡಬ್ಬಕ್ಕೆ ಹೋಯಿತು.

"ಸಹಾ," ಎಂದಳು ಅವಳು. "ಕಾಕಾ, ಸಹಾ! ಆರು!"

"ಇನ್ನೊಮ್ಮೆ ಮಾಡಿಸು," ಎಂದೆ. ಒಂದೇ ಮೂಲದ ಸುದ್ದಿಯನ್ನು ನಾವು ಹಾಕುತ್ತಿರಲಿಲ್ಲ. ಅವಳು ನನ್ನ ಕಡೆ ನೋಡಿದ ನೋಟ ಚೆನ್ನಾಗಿರಲಿಲ್ಲ, ಆದರೂ ಪಾತ್ರೆ ಖಾಲಿ ಮಾಡಿ ಮತ್ತೆ ಇಟ್ಟಳು. ಎರಡನೆಯ ಸಲವೂ ಆರು.

ಪಟ್ಟಿಯಲ್ಲಿ ಕೊನೆಯ ಎರಡು ಸಾಲು ತುಂಬಿ ಆಜ್ಞೆ ಒತ್ತಿದೆ. ಯಂತ್ರ ಏನೂ ಹೇಳಲಿಲ್ಲ. ಕನ್ನಡದಿಂದ ಮರಾಠಿಯ ನಾಗರಿ ಲಿಪಿಗೆ ಬದಲಿಸುವ ಇನ್ನೊಂದು ಪಟ್ಟಿಯನ್ನು ನಾಸಿಕ್‌ನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಅದು ಸುಲಭ, ಎರಡು ಲಿಪಿಗಳೂ ಒಂದೇ ಕ್ರಮದಲ್ಲಿ ಸಾಲು ನಿಂತಿವೆ. ಅದನ್ನೂ ಓಡಿಸಿದೆ. ಮಾತು ಅಪ್ಪನದು, ಅಕ್ಷರ ಅವಳು ಶಾಲೆಯಲ್ಲಿ ಕಲಿತದ್ದು. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ.

ಅವಳು ಸಾಂಬಾರ್ ಪುಡಿಯ ಪುಟವನ್ನು ಗಟ್ಟಿಯಾಗಿ ಓದತೊಡಗಿದಳು. ಎಡವುತ್ತ, ದೀರ್ಘಗಳನ್ನು ಹ್ರಸ್ವ ಮಾಡುತ್ತ, ಮರಾಠಿಯ ಏರಿಳಿತದಲ್ಲಿ. ಯಜಮಾನರು ಅವಳ ಬಾಯಿಯನ್ನೇ ನೋಡುತ್ತಿದ್ದರು. ಬೇಳೆಗಳನ್ನು ಹುರಿಯುವ ಸಾಲು ಮುಗಿದು ಮೆಣಸಿನಕಾಯಿಯ ಸಾಲಿಗೆ ಬಂದಾಗ ಅವರು ಲೋಟವನ್ನು ಮಂಚದ ಅಂಚಿಗೆ ಬಡಿದರು. ತಪ್ಪು ಓದಿದೆನೆಂದು ಅವಳು ಹಿಂದಿನ ಸಾಲನ್ನು ಮತ್ತೆ ಓದಿದಳು. ಅದೇ ಜಾಗದಲ್ಲಿ ಮತ್ತೆ ಬಡಿದರು.

"ಎಂತ ಬಾಬಾ? ಕಾಯ್ ಚುಕ್ಲ?"

ಅವರ ಕೈ ಮೆಂತೆಯ ಡಬ್ಬದ ಮೇಲೆ ಹೋಗಿ ಕೂತಿತು. ಪುಟದಲ್ಲಿ ಮೆಂತೆ ಕೊನೆಯಲ್ಲಿತ್ತು. ಅವರು ಡಬ್ಬವನ್ನು ಎಳೆದು ಬೇಳೆಗೂ ಮೆಣಸಿನಕಾಯಿಗೂ ನಡುವೆ ಇಟ್ಟರು. ಅಂದು ಅವರು ಹೇಳಿದ್ದನ್ನು ನಾನು ಹಿಂದುಮುಂದಾಗಿ ಬರೆದಿದ್ದೆನೋ, ಆಮೇಲಿನ ವರ್ಷಗಳಲ್ಲಿ ಅವರೇ ಬದಲಾಯಿಸಿದ್ದರೋ, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಮಗಳು ಡಬ್ಬ ನೋಡಿದಳು, ಅಪ್ಪನನ್ನು ನೋಡಿದಳು. ಫೋನ್ ತೆಗೆದು ಕಿಟಕಿಯ ಹತ್ತಿರ ಹೋಗಿ ಕಾರ್ಖಾನೆಯವನೊಂದಿಗೆ ಮಾತಾಡಿದಳು. "ನಕೋ ದಾದಾ. ನಾಹೀ, ದಸರಾ ನಂತರ್ ಪಣ ನಕೋ. ಹೋ, ಗ್ರೈಂಡರ್ ರಾಹೂ ದ್ಯಾ." ಬೇಡ, ದಸರೆಯ ನಂತರವೂ ಬೇಡ, ಗ್ರೈಂಡರ್ ಇರಲಿ: ಇಷ್ಟು ಹೇಳಲು ಒಂದು ನಿಮಿಷವೂ ಆಗಲಿಲ್ಲ. ಬಂದು ಕೂತು, ನನ್ನ ಕಡೆಗೆ ಲ್ಯಾಪ್‌ಟಾಪ್ ತಿರುಗಿಸಿದಳು.

"ಬರ್ಕೊಳ್ಳಿ ಕಾಕಾ. ಮೆಂತೆ ಬೇಳೆಯ ನಂತರ."

ಹಳೆಯ ಫಾಂಟಿನ ಕೀಲಿಗಳು ನನ್ನ ಬೆರಳಿಗೆ ಗೊತ್ತಿದ್ದವು. ಲಿನಕ್ಸ್‌ನಲ್ಲಿ ಕನ್ನಡದ ಕೀಲಿಗಳು ಬೇರೆ ಜಾಗದಲ್ಲಿವೆ, ನಾನಿನ್ನೂ ಕಲಿತಿರಲಿಲ್ಲ. ಒಂದೊಂದೇ ಹುಡುಕಿ ಒತ್ತಿದೆ. ಮ ಸಿಕ್ಕಿತು, ಎ ಕಾರಕ್ಕೆ ಹೊತ್ತಾಯಿತು. ಅಪ್ಪ ಮಗಳು ಇಬ್ಬರೂ ಕಾದರು.